ಗುಂಡಿಯನ್ನು ಮಗುವೇ ಹಾಕಿಕೊಳ್ಳಲಿ

ಕಾಫಿ ತೋಟಗಳ ನಡುವಣ ಪಾಲಿಬೆಟ್ಟದಲ್ಲಿ ಶಾಲೆಯ ಹೊಸ ವರ್ಷವೂ ಮುಂಗಾರು ಮಳೆಯೂ ಜೊತೆಜೊತೆಯಾಗಿಯೇ ಬರುತ್ತವೆ. ಮೂರು ವರ್ಷದ ಕಂದ ಮಳೆಯಂಗಿಯ ಗುಂಡಿಯೊಡನೆ ಹೆಣಗುವಾಗ ತಾಯಿಯ ಕೈ ತಾನಾಗಿ ಮುಂದಾಗುವುದು ಸಹಜವೇ. ಮಾಂಟೆಸರಿ ಪದ್ಧತಿ ಹೇಳುವುದಾದರೋ, “ತುಸು ತಾಳಿ” ಎಂದು.

ವೈದ್ಯೆ ಮರಿಯಾ ಮಾಂಟೆಸರಿಯವರು 1907ರ ಜನವರಿ 6ರಂದು ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿಯಿತ್ತರು.

ಈ ಕ್ರಮದಲ್ಲಿ ಮೊದಲ ವಾರಗಳು ಕೈಗೆಲಸಕ್ಕೆ ಮೀಸಲು. ಚೆಂಬಿನಿಂದ ಲೋಟಕ್ಕೆ ನೀರೆರೆಯುವುದು, ಚೆಲ್ಲಿದ್ದನ್ನು ಒರೆಸುವುದು, ಚಾಪೆ ಸುತ್ತುವುದು, ಗುಂಡಿ ಹಾಕುವುದು! ಬಳಿಕ ಹತ್ತು ಗುಲಾಬಿ ಬಣ್ಣದ ಘನಗಳ ಗೋಪುರ. ಅತಿ ಚಿಕ್ಕದರ ಅಂಚು 1 ಸೆಂಟಿಮೀಟರ್, ಅತಿ ದೊಡ್ಡದರದು 10. ಕ್ರಮ ತಪ್ಪಿದರೆ ಮಗುವಿನ ಕಣ್ಣಿಗೇ ಕಾಣುತ್ತದೆ, ಗದರಿಕೆ ಬೇಕಿಲ್ಲ. ಆಮೇಲೆ ಮರಳುಕಾಗದದ ಅಕ್ಷರಗಳು. ತರಿತರಿಯಾದ ‘ಅ’ಕಾರದ ತಿರುವನ್ನು ಮೊದಲು ಬೆರಳು ಕಲಿಯುತ್ತದೆ, ಅನಂತರ ಬಳಪ.

“ನಮ್ಮ ಮಗು ಇನ್ನೂ ಏನನ್ನೂ ಬರೆಯಲಿಲ್ಲವಲ್ಲ!” ಎಂದು ಹೆತ್ತವರು ಕೊರಗುವುದುಂಟು. ಇಂದು ನೀರನ್ನು ಚೆಲ್ಲದೆ ಎರೆದ ಕೈಯೇ ನಾಳೆ ಲೇಖನಿ ಹಿಡಿಯುವ ಕೈ. ತಾಯಂದಿರೇ, ಮಳೆ ಸುರಿಯುತ್ತಿರಲಿ, ಐದು ನಿಮಿಷ ತಡವಾಗಲಿ. ಆ ಗುಂಡಿಯನ್ನು ಮಾತ್ರ ಮಗುವಿಗೇ ಬಿಡಿ.