ಹದಿನೆಂಟು ಪದಕ, ಸಂಬಳ ಸೊನ್ನೆ

ಐರ್ಲೆಂಡಿನಲ್ಲಿ ಕ್ರಿಕೆಟ್ ಇದೆ, ರಗ್ಬಿ ಇದೆ, ನಾವು ಟಿವಿಯಲ್ಲಿ ನೋಡುವ ಫುಟ್ಬಾಲ್ ಕೂಡ ಇದೆ. ಆದರೆ ಅಲ್ಲಿನ ಜನ ಇವು ನಮ್ಮವು ಎಂದು ಹೇಳಿಕೊಳ್ಳುವ ಆಟಗಳೇ ಬೇರೆ. ಅವುಗಳಿಗೆ ಗೇಲಿಕ್ ಆಟಗಳು ಎಂದು ಹೆಸರು. ಅವುಗಳಲ್ಲಿ ಎರಡನ್ನು ಒಂದೇ ಕಾಲದಲ್ಲಿ ಆಡಿ, ಎರಡೂ ಸೇರಿ 18 ಸೀನಿಯರ್ ಅಖಿಲ ಐರ್ಲೆಂಡ್ ಪದಕ ಗೆದ್ದವರು ರೀನಾ ಬಕ್ಲಿ. ಈ ಲೇಖನ ಅವರ ಬಗ್ಗೆ.

ಮೊದಲು ಆಟಗಳು ಏನೆಂದು ನೋಡೋಣ. ಒಂದು ಮಹಿಳೆಯರ ಗೇಲಿಕ್ ಫುಟ್ಬಾಲ್. ತಂಡಕ್ಕೆ 15 ಜನ, ಅರವತ್ತು ನಿಮಿಷದ ಆಟ. ಹೆಸರು ಫುಟ್ಬಾಲ್ ಆದರೂ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ನಾಲ್ಕು ಹೆಜ್ಜೆ ಆದ ಮೇಲೆ ಅದನ್ನು ನೆಲಕ್ಕೆ ಕುಟ್ಟಬೇಕು ಅಥವಾ ಕಾಲಿನ ತುದಿಯಿಂದ ಒದ್ದು ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಇನ್ನೊಂದು ಕಮೋಗಿ. ಇದೂ ಹದಿನೈದು ಜನರ ಆಟ, ಆದರೆ ಕೈಯಲ್ಲಿ ಮರದ ಕೋಲು, ಚಿಕ್ಕ ಚರ್ಮದ ಚೆಂಡು. ನೋಡಲು ಹಾಕಿ ಇದ್ದಂತೆ, ಆದರೆ ಹಾಕಿಯಲ್ಲಿ ಚೆಂಡು ಹೆಚ್ಚಾಗಿ ನೆಲದ ಮೇಲೆ ಇರುತ್ತದೆ, ಇಲ್ಲಿ ಗಾಳಿಯಲ್ಲಿ. ಅದೇ ಆಟವನ್ನು ಗಂಡಸರು ಆಡಿದರೆ ಹರ್ಲಿಂಗ್.

ಹೆಸರಿನ ಬಗ್ಗೆ ಒಂದು ಮಾತು. ಗಂಡಸರ ಕೋಲಿಗೆ ಐರಿಷ್ ಭಾಷೆಯಲ್ಲಿ 'ಕಮಾನ್' ಎನ್ನುತ್ತಾರೆ. ಹೆಂಗಸರು ಬಳಸುತ್ತಿದ್ದ ಗಿಡ್ಡ ಕೋಲು 'ಕಮೋಗ್'. ಅದರಿಂದಲೇ ಕಮೋಗಿ. ಐರಿಷ್ ಭಾಷೆಯಲ್ಲಿ 'ಕಮ್' ಅಂದರೆ ಬಾಗಿದ್ದು. ನಮ್ಮ ಮನೆಯ ಉರ್ದುವಿನಲ್ಲಿ ಕಮಾನ್ ಅಂದರೆ ಬಿಲ್ಲು, ಕನ್ನಡದಲ್ಲೂ ಕಮಾನು ಇದೆ. ಎರಡು ಭಾಷೆಗಳಿಗೆ ನಂಟು ಇದೆ ಎಂದು ನಾನು ಹೇಳುತ್ತಿಲ್ಲ. ಎರಡು ಕಡೆಯೂ ವಸ್ತು ಬಾಗಿದೆ, ಅಷ್ಟೇ. ಆದರೆ ಇದನ್ನು ಓದಿದ ಮೇಲೆ ಈ ಆಟ ನನಗೆ ಅಷ್ಟು ದೂರದ್ದು ಅನ್ನಿಸಲಿಲ್ಲ.

ಎರಡೂ ಆಟಗಳಲ್ಲಿ ಗೋಲು ಕಂಬ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ನಿಂತಿರುತ್ತದೆ. ಅಡ್ಡ ಕಂಬದ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ 3 ಅಂಕ. ಮೇಲಿನಿಂದ ಎರಡು ಕಂಬಗಳ ನಡುವೆ ಹೋದರೆ ಒಂದು ಅಂಕ. ಸ್ಕೋರನ್ನು 2-13 ಎಂದು ಬರೆಯುತ್ತಾರೆ. ಎರಡು ಗೋಲು, ಹದಿಮೂರು ಅಂಕ ಎಂದರ್ಥ, ಒಟ್ಟು 19. ಮುಂದೆ ಈ ಲೆಕ್ಕ ಬೇಕಾಗುತ್ತದೆ, ನೆನಪಿಡಿ.

ರೀನಾ ಬಕ್ಲಿ ಹುಟ್ಟಿದ್ದು 1987ರಲ್ಲಿ. ಐರ್ಲೆಂಡಿನ ದಕ್ಷಿಣದ ಕಾರ್ಕ್ ಕೌಂಟಿಯವರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಎಂದುಕೊಳ್ಳಬಹುದು. ಗೇಲಿಕ್ ಆಟದಲ್ಲಿ ಆಟಗಾರರ ಹರಾಜು ಇಲ್ಲ. ಊರಿನ ಕ್ಲಬ್ಬಿಗೆ ಆಡಬೇಕು, ಚೆನ್ನಾಗಿ ಆಡಿದರೆ ಕೌಂಟಿ ತಂಡಕ್ಕೆ ಕರೆ ಬರುತ್ತದೆ. ಬಕ್ಲಿ ಫುಟ್ಬಾಲನ್ನು ಡನಾಮೋರ್ ಕ್ಲಬ್ಬಿಗೆ, ಕಮೋಗಿಯನ್ನು ಇನಿಸ್ಕಾರಾ ಕ್ಲಬ್ಬಿಗೆ ಆಡಿದರು. ಮೇಲೆ ಕಾರ್ಕ್ ಕೌಂಟಿಯ ಎರಡು ತಂಡಗಳು. ಅಂದರೆ ಒಬ್ಬರಿಗೆ ನಾಲ್ಕು ತಂಡ, ನಾಲ್ಕು ಕೋಚ್, ನಾಲ್ಕು ವೇಳಾಪಟ್ಟಿ. ಇವುಗಳ ನಡುವೆ ಓದು, ಆಮೇಲೆ ಫಿಸಿಯೋಥೆರಪಿಸ್ಟ್ ಕೆಲಸ.

2005ಕ್ಕೆ ಮೊದಲು ಕಾರ್ಕ್ ಮಹಿಳೆಯರು ಸೀನಿಯರ್ ಫುಟ್ಬಾಲ್ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿರಲಿಲ್ಲ. ಏಮನ್ ರಯನ್ ಎಂಬ ತರಬೇತುದಾರರು ಬಂದ ಮೇಲೆ ಚಿತ್ರ ಬದಲಾಯಿತು. 2005ರಿಂದ 2016ರವರೆಗಿನ ಹನ್ನೆರಡು ವರ್ಷಗಳಲ್ಲಿ ಕಾರ್ಕ್ ಹನ್ನೊಂದು ಬಾರಿ ಗೆದ್ದಿತು, 2010 ಒಂದು ಬಿಟ್ಟು. ಅದರಲ್ಲಿ ಹತ್ತು ಸಲ ರಯನ್ ಅವರೇ ತಂಡದ ಜೊತೆ ಇದ್ದರು. ಬಕ್ಲಿ ಹನ್ನೊಂದಕ್ಕೆ ಹನ್ನೊಂದರಲ್ಲೂ ಇದ್ದರು. ಕಮೋಗಿಯಲ್ಲಿ 2005, 2006, 2008, 2009, 2014, 2015, 2017, ಹೀಗೆ ಏಳು. ಕಾಮರ್ಸ್ ವಿದ್ಯಾರ್ಥಿ ಆದ್ದರಿಂದ ನಾನು ಇದನ್ನು ಲೆಡ್ಜರ್ ಹಾಗೆ ಎರಡು ಕಾಲಂ ಮಾಡಿ ಬರೆದು ನೋಡಿದೆ. ಆರು ವರ್ಷ ಎರಡೂ ಕಾಲಂ ತುಂಬಿವೆ. ಐದು ವರ್ಷ ಫುಟ್ಬಾಲ್ ಮಾತ್ರ, ಒಂದು ವರ್ಷ ಕಮೋಗಿ ಮಾತ್ರ. ಮೊತ್ತ ಹದಿನೆಂಟು.

ಸಂಖ್ಯೆ ನೋಡಿದರೆ ಕಾರ್ಕ್ ಎಲ್ಲರನ್ನೂ ಸುಲಭವಾಗಿ ಸೋಲಿಸುತ್ತಿತ್ತು ಅನ್ನಿಸುತ್ತದೆ. ಹಾಗಿರಲಿಲ್ಲ. ಆ ಹನ್ನೊಂದು ಫುಟ್ಬಾಲ್ ಫೈನಲ್‌ಗಳಲ್ಲಿ ಐದನ್ನು ಗೆದ್ದಿದ್ದು ಬರೀ ಒಂದು ಅಂಕದಿಂದ: 2006, 2009, 2013, 2014, 2016. ಆ ಐದು ಅಂಕ ಆಚೆ ಕಡೆ ಬಿದ್ದಿದ್ದರೆ ಪದಕ ಹದಿಮೂರಕ್ಕೆ ನಿಲ್ಲುತ್ತಿತ್ತು.

ಇವುಗಳಲ್ಲಿ 2014ರ ಕಥೆ ಹೇಳಲೇಬೇಕು. ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನ, ಎದುರಾಳಿ ಅದೇ ಊರಿನ ಡಬ್ಲಿನ್ ತಂಡ. ಆಟ ಮುಗಿಯಲು ಸುಮಾರು ಹದಿನಾರು ನಿಮಿಷ ಇದ್ದಾಗ ಡಬ್ಲಿನ್ 2-10, ಕಾರ್ಕ್ 0-6. ಮೇಲೆ ಹೇಳಿದ ಲೆಕ್ಕ ಹಾಕಿ: ಹದಿನಾರಕ್ಕೆ ಆರು, ಹತ್ತು ಅಂಕದ ಅಂತರ. ನಿಮಿಷಕ್ಕೆ ಒಂದು ಅಂಕದ ಹಾಗೆ ಹೊಡೆದರೂ, ಎದುರಿನವರು ಆರಕ್ಕಿಂತ ಕಡಿಮೆ ಅಂಕ ಹೊಡೆದರೆ ಮಾತ್ರ ಗೆಲುವು. ಬದಲಿ ಆಟಗಾರ್ತಿಯರಾಗಿ ಬಂದ ರೋನಾ ನಿ ವುಹಲಾ ಮತ್ತು ಈಮರ್ ಸ್ಕಾಲಿ ಒಂದೊಂದು ಗೋಲು ಹೊಡೆದರು. ಉಳಿದ ಆಟದಲ್ಲಿ ಕಾರ್ಕ್ ಎರಡು ಗೋಲು ಮತ್ತು ಏಳು ಅಂಕ ಸೇರಿಸಿತು, ಡಬ್ಲಿನ್‌ಗೆ ಸಿಕ್ಕಿದ್ದು ಎರಡೇ ಅಂಕ. ಕೊನೆಗೆ ಕಾರ್ಕ್ 2-13, ಡಬ್ಲಿನ್ 2-12. ಎರಡು ವಾರದ ಹಿಂದಷ್ಟೇ ಬಕ್ಲಿ ಇದೇ ಮೈದಾನದಲ್ಲಿ ಕೋಲು ಹಿಡಿದು ಕಿಲ್ಕೆನಿ ತಂಡದ ವಿರುದ್ಧ ಕಮೋಗಿ ಫೈನಲ್ ಗೆದ್ದಿದ್ದರು. ಮರುವರ್ಷ 2015ರಲ್ಲೂ ಹೀಗೇ, ಒಂದೇ ತಿಂಗಳಲ್ಲಿ ಎರಡು ಫೈನಲ್, ಎರಡು ಗೆಲುವು.

2016ರ ಫೈನಲ್ ಇನ್ನೊಂದು ಕಾರಣಕ್ಕೆ ನೆನಪಿನಲ್ಲಿ ಉಳಿಯುತ್ತದೆ. ಡಬ್ಲಿನ್ ಹೊಡೆದ ಒಂದು ಚೆಂಡು ಕಂಬದ ಒಳಗೇ ಹೋಗಿದ್ದರೂ ಅದನ್ನು ಹೊರಗೆ ಹೋಯಿತೆಂದು ತೀರ್ಪು ಕೊಟ್ಟರು. ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತಿರುವ ಹಾಕ್-ಐ ಯಂತ್ರ ಆ ಮೈದಾನದಲ್ಲಿ ಇತ್ತು. ಗಂಡಸರ ಪಂದ್ಯಗಳಿಗೆ ಬಳಸುತ್ತಿದ್ದರು, ಆ ದಿನ ಹೆಂಗಸರ ಫೈನಲ್‌ಗೆ ಬಳಸಲಿಲ್ಲ. ಕಾರ್ಕ್ ಒಂದು ಅಂಕದಿಂದ ಗೆದ್ದಿತು. ಬಕ್ಲಿಯವರ ಹನ್ನೊಂದನೇ ಫುಟ್ಬಾಲ್ ಪದಕ ಇದೇ. ಅವರ ಅಭಿಮಾನಿಯಾಗಿಯೂ ಹೇಳುತ್ತೇನೆ, ಆ ಡಬ್ಲಿನ್ ಹುಡುಗಿಯರಿಗೆ ಅನ್ಯಾಯ ಆಯಿತು. ತಪ್ಪು ಕಾರ್ಕ್ ತಂಡದ್ದಲ್ಲ. ಯಂತ್ರ ಇದ್ದೂ ಬಳಸದವರದ್ದು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: "ಪೈಸೆ ಕಿತ್ತೆ ಮಿಲೆ?" ಎಷ್ಟು ದುಡ್ಡು ಸಿಕ್ಕಿತು? ಉತ್ತರ: ಸಂಬಳ ಇಲ್ಲ. ಗೇಲಿಕ್ ಆಟಗಳು ಹವ್ಯಾಸಿ ಆಟಗಳು, ಗಂಡಸರಿಗೂ ಸಂಬಳ ಇಲ್ಲ. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಮೈದಾನದಲ್ಲಿ ಫೈನಲ್ ಆಡಿದವರು ಸೋಮವಾರ ಅಲ್ಲದಿದ್ದರೂ ಆ ವಾರದಲ್ಲೇ ಕೆಲಸಕ್ಕೆ ಹೋಗಬೇಕು. ಆದರೆ ಸರ್ಕಾರ ಕೌಂಟಿ ಆಟಗಾರರಿಗೆ ಸ್ವಲ್ಪ ಅನುದಾನ ಕೊಡುತ್ತದೆ, ಅದು ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ ಇತ್ತು. 2021ರಲ್ಲಿ ಮಹಿಳೆಯರ ಪಾಲನ್ನು 7 ಲಕ್ಷ ಯೂರೋದಿಂದ 24 ಲಕ್ಷ ಯೂರೋಗೆ ಏರಿಸಿ ಸಮ ಮಾಡುವುದಾಗಿ ಸರ್ಕಾರ ಹೇಳಿತು. ಅಷ್ಟರಲ್ಲಿ ಬಕ್ಲಿ ಆಟ ಬಿಟ್ಟು ಮೂರು ವರ್ಷ ಆಗಿತ್ತು.

ಹಣದ ಕಾಲಂ ಖಾಲಿ ಇರುವಾಗ ಖರ್ಚು ಯಾವುದರಲ್ಲಿ ಬರೆಯಬೇಕು? ಸಮಯದಲ್ಲಿ. ಎಕನಾಮಿಕ್ಸ್ ತರಗತಿಯಲ್ಲಿ ನಾವು ಅವಕಾಶ ವೆಚ್ಚ ಎಂದು ಓದುತ್ತೇವೆ: ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆ. ಪರೀಕ್ಷೆಯಲ್ಲಿ ಗೋಧಿ ಮತ್ತು ಬಟ್ಟೆಯ ಉದಾಹರಣೆ ಬರೆಯುತ್ತೇವೆ. ಎರಡು ಆಟ ಆಡುವವರಿಗೆ ಇದು ಪ್ರತಿ ಸಂಜೆಯ ವಿಷಯ. ಮಂಗಳವಾರ ಫುಟ್ಬಾಲ್ ಅಭ್ಯಾಸಕ್ಕೆ ಹೋದರೆ ಅಂದಿನ ಕಮೋಗಿ ತಪ್ಪಿತು.

ಇದು ಕಷ್ಟ ಆಗಲು ಮುಖ್ಯ ಕಾರಣ ಆಟಗಾರ್ತಿಯರಲ್ಲ, ಸಂಸ್ಥೆಗಳು. ಗಂಡಸರ ಹರ್ಲಿಂಗ್ ಮತ್ತು ಫುಟ್ಬಾಲ್ ಎರಡನ್ನೂ 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಒಂದೇ ನೋಡಿಕೊಳ್ಳುತ್ತದೆ. ಹೆಂಗಸರಿಗೆ ಎರಡು ಬೇರೆ ಬೇರೆ ಮನೆ: 1904ರಲ್ಲಿ ಶುರುವಾದ ಕಮೋಗಿ ಸಂಸ್ಥೆ, 1974ರಲ್ಲಿ ಶುರುವಾದ ಮಹಿಳಾ ಗೇಲಿಕ್ ಫುಟ್ಬಾಲ್ ಸಂಸ್ಥೆ. ಇಬ್ಬರೂ ತಮ್ಮ ತಮ್ಮ ವೇಳಾಪಟ್ಟಿ ಮಾಡುತ್ತಾರೆ. ಪಂದ್ಯಗಳು ಒಂದೇ ವಾರಾಂತ್ಯಕ್ಕೆ ಬಿದ್ದರೆ ಓಡಾಡಬೇಕಾದವಳು ಹುಡುಗಿ. ಉಡುಪಿನ ನಿಯಮವೂ ಬೇರೆ ಬೇರೆ. ಬಕ್ಲಿ ಆಡಿದಷ್ಟು ಕಾಲವೂ ಫುಟ್ಬಾಲ್‌ಗೆ ಶಾರ್ಟ್ಸ್, ಕಮೋಗಿಗೆ ಸ್ಕಾರ್ಟ್ ಎಂಬ ಲಂಗದಂಥ ಉಡುಪು ಕಡ್ಡಾಯ. ಅದು ಅನುಕೂಲವಲ್ಲ ಎಂದು ಆಟಗಾರ್ತಿಯರು ಬಹಳ ಸಲ ಹೇಳಿದರು. 2025ರ ಮೇ ತಿಂಗಳಲ್ಲಿ ವಿಶೇಷ ಸಭೆ ನಡೆದು, ಶೇಕಡಾ 98 ಮತಗಳಿಂದ ಯಾವುದು ಬೇಕೋ ಅದನ್ನು ಆಟಗಾರ್ತಿಯೇ ಆರಿಸಿಕೊಳ್ಳಬಹುದು ಎಂದಾಯಿತು. ತಾನು ಏನು ಹಾಕಿಕೊಳ್ಳಬೇಕು ಎಂಬುದನ್ನು ಹಾಕಿಕೊಳ್ಳುವವಳನ್ನು ಕೇಳಲು ಒಂದು ಶತಮಾನ ಹಿಡಿಯಿತು. ಮೂರೂ ಸಂಸ್ಥೆಗಳನ್ನು ಒಂದು ಮಾಡುವ ಕೆಲಸ ಈಗ ಐರ್ಲೆಂಡಿನ ಮಾಜಿ ಅಧ್ಯಕ್ಷೆ ಮೇರಿ ಮೆಕಲೀಸ್ ಅವರ ನೇತೃತ್ವದಲ್ಲಿ ನಡೆಯುತ್ತಿದೆ. ಅದಕ್ಕೆ ಇಟ್ಟುಕೊಂಡ ಗುರಿ 2027.

ಬಕ್ಲಿ ಅಷ್ಟು ಕಾಯಲು ಆಗುವುದಿಲ್ಲವಲ್ಲ. 2017ರಲ್ಲಿ ಅವರು ಕೌಂಟಿ ಫುಟ್ಬಾಲ್ ಬಿಟ್ಟು ಕಮೋಗಿ ಮಾತ್ರ ಆಡಿದರು. ಹನ್ನೊಂದು ಪದಕ ಕೊಟ್ಟ ಆಟವನ್ನು ಬಿಟ್ಟು ಆರು ಪದಕ ಕೊಟ್ಟ ಆಟವನ್ನು ಇಟ್ಟುಕೊಂಡರು. ಲೆಕ್ಕ ಮಾತ್ರ ನೋಡುವವರು ಹೀಗೆ ಮಾಡುವುದಿಲ್ಲ. ಆ ವರ್ಷ ಅವರೇ ಕಾರ್ಕ್ ಕಮೋಗಿ ತಂಡದ ನಾಯಕಿ. ಫೈನಲ್‌ನಲ್ಲಿ ಮತ್ತೆ ಕಿಲ್ಕೆನಿ. ಒಂದೇ ಒಂದು ಗೋಲು ಬೀಳದ ಬಿಗಿ ಆಟ. ಕೊನೆಯಲ್ಲಿ ಜೆಮ್ಮಾ ಓ'ಕಾನರ್ ದೂರದಿಂದ ಹೊಡೆದು ಸಮ ಮಾಡಿದರು, ಹೆಚ್ಚುವರಿ ನಿಮಿಷಗಳಲ್ಲಿ ಜೂಲಿಯಾ ವೈಟ್ ಗೆಲುವಿನ ಅಂಕ ಹೊಡೆದರು. 0-10ಕ್ಕೆ 0-9. ಮತ್ತೆ ಅದೇ ಒಂದು ಅಂಕ. 2012ರಲ್ಲಿ ನಾಯಕಿಯಾಗಿ ಫುಟ್ಬಾಲ್ ಕಪ್ ಎತ್ತಿದ್ದ ಬಕ್ಲಿ ಈಗ ಕಮೋಗಿಯ ಓ'ಡಫಿ ಕಪ್ಪನ್ನೂ ಎತ್ತಿದರು. ಎರಡೂ ಆಟಗಳಲ್ಲಿ ನಾಯಕಿಯಾಗಿ ಅಖಿಲ ಐರ್ಲೆಂಡ್ ಗೆದ್ದ ಮೊದಲಿಗರು ಅವರೇ. ಮುಂದಿನ ವರ್ಷ ಕೌಂಟಿ ಆಟಕ್ಕೆ ವಿದಾಯ ಹೇಳಿದರು.

ಇಷ್ಟು ಹೊತ್ತು ಒಬ್ಬರ ಹೆಸರನ್ನೇ ಹೇಳಿದೆ, ಆದರೆ ಪಕ್ಕದಲ್ಲಿ ಇನ್ನೊಬ್ಬರು ಇದ್ದರು. ಬ್ರೀಜ್ ಕಾರ್ಕರಿ. ಅದೇ ಕಾರ್ಕ್, ಅದೇ ಎರಡು ಆಟ. ಕಲ್ಲಿನ ಗೋಡೆ ಕಟ್ಟುವ ಕೆಲಸ ಕಲಿತವರು, ಆಮೇಲೆ ಹೈನುಗಾರಿಕೆಗೆ ಹೋದವರು. ಬೆಳಗ್ಗೆ ಹಸುವಿನ ಹಾಲು ಕರೆದು ಸಂಜೆ ಅಭ್ಯಾಸಕ್ಕೆ ಬರುವ ಆಟಗಾರ್ತಿ! 2015ರ ಐರ್ಲೆಂಡಿನ ವರ್ಷದ ಮಹಿಳಾ ಕ್ರೀಡಾಪಟು ಪ್ರಶಸ್ತಿಯನ್ನು ಬಕ್ಲಿ ಮತ್ತು ಕಾರ್ಕರಿಗೆ ಜಂಟಿಯಾಗಿ ಕೊಟ್ಟರು. 2017ರಲ್ಲಿ ಕಾರ್ಕರಿ ಆಡಲಿಲ್ಲ, ಹಾಗಾಗಿ ಬಕ್ಲಿ ಒಂದು ಪದಕ ಮುಂದೆ ಹೋದರು. 2018ರಲ್ಲಿ ಬಕ್ಲಿ ಇರಲಿಲ್ಲ, ಕಾರ್ಕರಿ ಕಮೋಗಿಗೆ ಮರಳಿ ಬಂದರು. ಕಾರ್ಕ್ ಆ ವರ್ಷವೂ ಫೈನಲ್ ಗೆದ್ದಿತು, ಕಿಲ್ಕೆನಿ ಮೇಲೆ, 0-14ಕ್ಕೆ 0-13. ಈಗ ಇಬ್ಬರದ್ದೂ ಹದಿನೆಂಟು.