ಉಗುಳಿದ ಹೊಗೆಯನ್ನೇ ನುಂಗುವ ಎಂಜಿನ್

ಐವತ್ತರ ದಶಕದ ಹೊಸ್ತಿಲಲ್ಲಿ ಲಾಸ್ ಏಂಜಲೀಸ್ ನಗರ ಕಣ್ಣುರಿಯಿಂದ ಕಂಗೆಟ್ಟಿತ್ತು. ಅಲ್ಲಿನ ಮಬ್ಬಿನ ಮೂಲ ಹುಡುಕಿದವರು ಅನಾನಸ್ ಹಣ್ಣಿನ ಘಮದ ಮೇಲೆ ಸಂಶೋಧನೆ ನಡೆಸಿದ್ದ ಕ್ಯಾಲ್ಟೆಕ್‌ನ ಆರೀ ಹಾಗೆನ್-ಸ್ಮಿಟ್. ಅರೆಬೆಂದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿಗೆ ಬಿದ್ದು ಓಝೋನ್ ಹುಟ್ಟಿಸುತ್ತವೆ ಎಂದು ಅವರು ತೋರಿಸಿಕೊಟ್ಟರು.

ಈ ಆಕ್ಸೈಡ್‌ಗಳ ತವರು ಸಿಲಿಂಡರಿನ ಉರಿ. ಅದು 2000 ಡಿಗ್ರಿ ಸಮೀಪಿಸಿದಾಗ ಗಾಳಿಯ ನೈಟ್ರೋಜನ್ ಆಮ್ಲಜನಕದೊಂದಿಗೆ ಸೇರಿಕೊಳ್ಳುತ್ತದೆ. ಸೈಲೆನ್ಸರಿನತ್ತ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಬಿಟ್ಟರೆ, ಕೆಂಡಕ್ಕೆ ಬೂದಿ ಮುಚ್ಚಿದ ಹಾಗೆ ಉರಿ ತಗ್ಗುತ್ತದೆ. ಇದೇ ಇಜಿಆರ್, ಅಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್. ಅಮೆರಿಕ 1970ರಲ್ಲಿ ಶುದ್ಧ ಗಾಳಿ ಕಾನೂನನ್ನು ಬಿಗಿ ಮಾಡಿದ ಮೇಲೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳಿಗೆ ಇದು ಬಂತು.

ಎಷ್ಟು ಹೊಗೆ, ಯಾವಾಗ ಎಂಬುದೇ ಕಷ್ಟದ ಪ್ರಶ್ನೆ. ಐಡಲಿಂಗ್‌ನಲ್ಲಿ ಹೊಗೆ ಹೊಕ್ಕರೆ ಎಂಜಿನ್ ನಡುಗಿ ನಿಲ್ಲುತ್ತದೆ. ಏರಿನಲ್ಲಿ ಹೊಕ್ಕರೆ ಶಕ್ತಿ ಸಾಲದು. ಅಂದಿನ ಎಂಜಿನಿಯರರ ಉತ್ತರ ನನಗೆ ಇವತ್ತಿಗೂ ಬೆರಗು. ಅಂಗೈಯಗಲದ ತಗಡಿನ ಡಬ್ಬಿ, ಅದರೊಳಗೆ ರಬ್ಬರ್ ಪೊರೆ, ಒಂದು ಸ್ಪ್ರಿಂಗ್, ಕಾರ್ಬ್ಯುರೇಟರಿನಿಂದ ಬಂದ ಸಣ್ಣ ಕೊಳವೆ. ಆ ಕೊಳವೆಯ ತೂತು ಇರುವುದು ಥ್ರಾಟಲ್ ತಟ್ಟೆಯ ತುಸು ಮೇಲೆ. ತಟ್ಟೆ ಮುಚ್ಚಿದ್ದಾಗ ತೂತಿಗೆ ನಿರ್ವಾತ ತಾಗದು, ಹೊಗೆಯ ದಾರಿಯ ವಾಲ್ವ್ ಮುಚ್ಚಿಯೇ ಇರುತ್ತದೆ. ತಟ್ಟೆ ಸ್ವಲ್ಪ ತೆರೆದರೆ ನಿರ್ವಾತ ಪೊರೆಯನ್ನು ಎಳೆದು ಹೊಗೆಗೆ ದಾರಿ ಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ನಿರ್ವಾತವೇ ಉಳಿಯದೆ ಸ್ಪ್ರಿಂಗ್ ಗೆಲ್ಲುತ್ತದೆ. ವಿದ್ಯುತ್ತಿಲ್ಲ, ಲೆಕ್ಕವಿಲ್ಲ. ಎಂಜಿನ್ ತಣ್ಣಗಿದ್ದಾಗ ಕೊಳವೆ ಕಟ್ಟಲು ಕೂಲಂಟ್ ನೀರಿನಲ್ಲೊಂದು ಸ್ವಿಚ್, ಅಷ್ಟೆ. ಆದರೂ ಜರ್ಕ್ ಹೊಡೆಯುತ್ತದೆಂದು ಎಷ್ಟೋ ಮಾಲೀಕರು ಆ ಕೊಳವೆ ಕಿತ್ತು ಬಿರಡೆ ಜಡಿದರು.

ಆಮೇಲೆ ಕಂಪ್ಯೂಟರ್ ಬಂತು. ಡೀಸೆಲ್ ಎಂಜಿನ್‌ಗಳಲ್ಲಿ ಹೊಗೆಯನ್ನು ಕೂಲರಿನಲ್ಲಿ ತಣಿಸಿ, ವಾಲ್ವನ್ನು ಮೋಟಾರಿನಿಂದ ಕೂದಲೆಳೆಯಷ್ಟು ತಿರುಗಿಸುವ ಕಾಲವದು. ಹೊಗೆ ಹೆಚ್ಚಾದರೆ ಮಸಿ ಕಟ್ಟುತ್ತದೆ, ಕಡಿಮೆಯಾದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಮಸಿ ಕಚ್ಚಿಕೊಂಡ ವಾಲ್ವಿಗೆ ತಗಡು ಬಡಿದು 'ಬ್ಲಾಂಕ್' ಮಾಡುವ ಚಾಳಿ ನಮ್ಮ ಗ್ಯಾರೇಜುಗಳಲ್ಲೂ ಇದೆ. ಗಾಡಿ ಹಗುರವಾಗಿ ಓಡಬಹುದು, ಪಕ್ಕದ ಬೈಕಿನಲ್ಲಿ ಕೂತ ಮಗುವಿನ ಶ್ವಾಸಕೋಶ ಅದರ ಬೆಲೆ ತೆರುತ್ತದೆ.

ತಗಡಿನ ಡಬ್ಬಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಾಫ್ಟ್‌ವೇರಿಗೆ ಬಂತು. ಫೋಕ್ಸ್‌ವ್ಯಾಗನ್ ಹಗರಣ 2015ರ ಸೆಪ್ಟೆಂಬರಿನಲ್ಲಿ ಸ್ಫೋಟಿಸಿತು: ಲ್ಯಾಬಿನಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದು ಕಾರು ತಾನೇ ಗುರುತಿಸುತ್ತಿತ್ತು. ಪರೀಕ್ಷೆ ಗೆಲ್ಲಲೆಂದು ಇಜಿಆರ್ ವಾಲ್ವ್ ಹೆಚ್ಚು ತೆರೆಸುವ ಇಂಥ ಸಾಫ್ಟ್‌ವೇರ್ ನಿಷಿದ್ಧ ಎಂದು ಐರೋಪ್ಯ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಭಾರತದಲ್ಲಿ 2023ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಎರಡನೇ ಹಂತ ಜಾರಿಯಲ್ಲಿದೆ. ಹೊಸ ಮಾದರಿಯ ಕಾರುಗಳು ಹೊಗೆ ಅಳೆಯುವ ಯಂತ್ರವನ್ನು ಹಿಂಬದಿಗೆ ಕಟ್ಟಿಕೊಂಡು ನಿಜವಾದ ರಸ್ತೆಯಲ್ಲೇ ಓಡಿ ತೋರಿಸಬೇಕು.