ತಟ್ಟೆಯ ಅಂಚಿಗೆ ಸರಿಸಿದ ಅಲಸಂಡೆ: ಊಟಕ್ಕೆ ಹಠ ಮಾಡುವ ಮಕ್ಕಳೂ ನಮ್ಮ ಮನೆಗಳೂ

ರಕ್ಷಕರ ಸಭೆಗೆ ನಾವು ಓದು, ಬರಹ, ತಡವಾಗಿ ಬರುವ ಪಠ್ಯಪುಸ್ತಕ, ಮಲಯಾಳ ಕಲಿಕೆಯ ಹೊರೆ ಮುಂತಾದ ವಿಷಯಗಳನ್ನು ಬರೆದುಕೊಂಡು ಹೋಗುತ್ತೇವೆ. ಸಭೆ ಮುಗಿದ ಮೇಲೆ ತಾಯಂದಿರು ನಮ್ಮನ್ನು ಜಗಲಿಯಲ್ಲಿ ನಿಲ್ಲಿಸಿ ಕೇಳುವುದು ಬೇರೆಯೇ ಪ್ರಶ್ನೆ: "ಟೀಚರ್, ಇವ ಮನೆಯಲ್ಲಿ ಏನೂ ತಿನ್ನುವುದಿಲ್ಲ. ಶಾಲೆಯಲ್ಲಾದರೂ ತಿನ್ನುತ್ತಾನಾ?" ಪಕ್ಕದಲ್ಲಿ ನಿಂತ ಅಜ್ಜಿ, ಸೊಸೆಗೆ ಕೇಳಿಸುವಂತೆಯೇ, "ಕೊಂಡಾಟ ಹೆಚ್ಚಾದದ್ದು" ಎನ್ನುತ್ತಾರೆ. ಆ ತಾಯಿಯ ಮುಖ ಬಾಡುವುದನ್ನು ನಾವು ಹಲವು ಸಲ ಕಂಡಿದ್ದೇವೆ. ಮಗು ತಿನ್ನದಿದ್ದರೆ ಅಪರಾಧಿಯ ಸ್ಥಾನದಲ್ಲಿ ನಿಲ್ಲುವವಳು ಅಡುಗೆ ಮಾಡಿದವಳು.

ಉಪದೇಶಕ್ಕೆ ಹೊರಡುವ ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಧ್ಯಾಹ್ನದೂಟಕ್ಕೆ ಅಲಸಂಡೆಯ ಉಪ್ಪೇರಿ ಬಡಿಸಿದ ದಿನ ಅವನು ಒಂದೊಂದೇ ತುಂಡನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ. ಅನ್ನ ಬಿಸಾಡಬಾರದು, ತರಕಾರಿ ತಿನ್ನದೆ ಏಳಬಾರದು ಎಂಬುದು ನಮ್ಮ ನಿಯಮ. ಒಂದು ದಿನ ಅವನ ಎದುರಿಗೇ ನಿಂತು, ಉಳಿದ ಮಕ್ಕಳು ಕೈತೊಳೆದು ಬಂದು ಸುತ್ತ ಸೇರಿದರೂ ಬಿಡದೆ, ತಿನ್ನಿಸಿದೆವು. ಎರಡನೆಯ ತುತ್ತಿಗೆ ವಾಂತಿಯಾಯಿತು. ಮಕ್ಕಳು ನಕ್ಕರು. ಮರುದಿನದಿಂದ ಊಟದ ಗಂಟೆ ಹೊಡೆದೊಡನೆ ಅವನಿಗೆ ಹೊಟ್ಟೆನೋವು. ಎರಡು ವಾರಗಳ ಬಳಿಕ ತಾಯಿ ಬಂದು ವಿಚಾರಿಸಿದಾಗಲೇ ನಮಗೆ ತಿಳಿದದ್ದು, ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟ ಮಗು ಸಂಜೆ ಮನೆ ತಲಪುವವರೆಗೆ ಏನನ್ನೂ ತಿನ್ನುತ್ತಿರಲಿಲ್ಲ ಎಂದು. ಅಲಸಂಡೆ ತಿನ್ನಿಸಲು ಹೋಗಿ ಅನ್ನವನ್ನೂ ತಪ್ಪಿಸಿದ್ದೆವು. ಆ ಮೇಲೆ ನಾವು ಈ ವಿಷಯದ ಕುರಿತು ಸ್ವಲ್ಪ ಓದಿದೆವು. ತಿಳಿದದ್ದನ್ನು ಇಲ್ಲಿ ಹೆತ್ತವರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲನೆಯದು ಹಸಿವಿನ ಲೆಕ್ಕ. ಮೂರು ಕಿಲೋ ತೂಕದಲ್ಲಿ ಹುಟ್ಟಿದ ಮಗು ಒಂದು ವರ್ಷ ತುಂಬುವಾಗ ಸರಿಸುಮಾರು ಒಂಬತ್ತು ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. "ವರ್ಷದವರೆಗೆ ಎಷ್ಟು ಚಂದ ತಿನ್ನುತ್ತಿತ್ತು, ಯಾರದೋ ದೃಷ್ಟಿ ತಾಗಿತು" ಎಂದು ಉಪ್ಪುಮೆಣಸು ನಿವಾಳಿಸುವ ಕಾಲವೂ ಇದೇ. ದೃಷ್ಟಿ ತಾಗಿದ್ದಲ್ಲ, ಮಗುವಿಗೆ ಅಷ್ಟು ಬೇಕಾಗಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಸ್ವಭಾವವೂ ತಲೆ ಎತ್ತುತ್ತದೆ. ಎರಡರಿಂದ ಆರು ವರ್ಷದವರೆಗಿನ ಮಕ್ಕಳಲ್ಲಿ ಹೊಸ ತಿನಿಸಿನ ಬಗೆಗೆ ಅಂಜಿಕೆ ಎದ್ದು ಕಾಣುತ್ತದೆ. ನಡೆಯಲು ಕಲಿತು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸಿನಲ್ಲಿ ವಿಷದ ಸೊಪ್ಪು, ಕಾಯಿಗಳಿಂದ ಮಗುವನ್ನು ಕಾಯಲು ಪ್ರಕೃತಿಯೇ ಇಟ್ಟ ಕಾವಲು ಇದಾಗಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಲಂಡನಿನ ಸಂಶೋಧಕರು ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಅಂಜಿಕೆಯಲ್ಲಿ ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದ ಮುಕ್ಕಾಲು ಪಾಲು ಹುಟ್ಟಿನಿಂದ ಬಂದದ್ದು. ಒಂದೇ ತಾಯಿಯ ಅಡುಗೆ ಉಂಡು ಬೆಳೆದ ಅಣ್ಣ ಎಲ್ಲವನ್ನೂ ತಿಂದು, ತಂಗಿ ಎಲ್ಲದಕ್ಕೂ ಮೂಗು ಮುರಿಯುವುದಕ್ಕೆ ಕೊಂಡಾಟವೊಂದೇ ಕಾರಣವಲ್ಲ.

ನಾಲಗೆಗಳೂ ಒಂದೇ ಅಲ್ಲ. 1931ರಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತು. ಜತೆಗಿದ್ದವರು ಬಾಯೆಲ್ಲ ಕಹಿಯಾಯಿತೆಂದರೆ, ಫಾಕ್ಸ್ ಅವರಿಗೆ ಯಾವ ರುಚಿಯೂ ತಿಳಿಯಲಿಲ್ಲ. ಅದು ವಂಶದಿಂದ ಬರುವ ಭೇದವೆಂದು ಮುಂದೆ ಖಚಿತವಾಯಿತು. ಎಲೆಕೋಸಿನ ಜಾತಿಯ ತರಕಾರಿಗಳು ಕೆಲವರಿಗೆ ಹೆಚ್ಚು ಕಹಿಯೆನಿಸುವುದಕ್ಕೆ ಅದೇ ಭೇದ ಕಾರಣ. ಹಾಗಲದ ಕಹಿ ಬೇರೆ ಬಗೆಯದು. ಕಹಿಯನ್ನು ಗುರುತಿಸಲೆಂದೇ ಮನುಷ್ಯನಲ್ಲಿ ಇಪ್ಪತ್ತೈದರಷ್ಟು ಗ್ರಾಹಕಗಳಿವೆ. ಮಲಯಾಳದಲ್ಲಿ ಹಾಗಲಕ್ಕೆ ಕೈಪ್ಪಕ್ಕ ಎಂಬ ಹೆಸರಿದೆ, ಅಂದರೆ ಕಹಿಯ ಕಾಯಿ. ನಮ್ಮ ಹಳಗನ್ನಡದ 'ಕಯ್ಪೆ'ಯೂ ಅದೇ ಬೇರಿನದು. ಹೆಸರಿನಲ್ಲೇ ಕಹಿಯಿರುವುದನ್ನು ಮಗು ಕಹಿ ಎಂದರೆ ಸುಳ್ಳಾಡಿದಂತಾಗುವುದಿಲ್ಲ. ಕೆಲವರಿಗೆ ರುಚಿಯಲ್ಲ, ಸ್ಪರ್ಶವೇ ಸಮಸ್ಯೆ: ಬಸಳೆಯ ಲೋಳೆ, ಬದನೆಯ ಬೀಜ, ಮೀನಿನ ಮುಳ್ಳಿನ ಭಯ.

ಹಾಗಾದರೆ ಒತ್ತಾಯ ಮಾಡಿದರೇನು? 2006ರಲ್ಲಿ ಅಮೆರಿಕದಲ್ಲಿ ಪುಟ್ಟ ಮಕ್ಕಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗ ನಮಗೆ ಆ ಹುಡುಗನನ್ನೇ ನೆನಪಿಸಿತು. ಎರಡು ಬಗೆಯ ಸೂಪುಗಳಲ್ಲಿ ಒಂದನ್ನು "ಮುಗಿಸು" ಎಂದು ಹೇಳಿಹೇಳಿ ಕೊಟ್ಟರು, ಇನ್ನೊಂದನ್ನು ಸುಮ್ಮನೆ ಎದುರಿಗಿಟ್ಟರು. ಹೇಳದೆ ಇಟ್ಟದ್ದನ್ನೇ ಮಕ್ಕಳು ಹೆಚ್ಚು ಕುಡಿದರು; ಹೇಳಿ ಕೊಟ್ಟದ್ದನ್ನು ಹೆಚ್ಚು ಬೈದರು. "ಪಲ್ಯ ತಿಂದರೆ ಚಾಕಲೇಟು" ಎಂಬ ಲಂಚವೂ ಹೀಗೆಯೇ. ಪಲ್ಯವೆಂದರೆ ಸಹಿಸಬೇಕಾದದ್ದು, ಚಾಕಲೇಟೆಂದರೆ ಗಳಿಸಬೇಕಾದದ್ದು ಎಂದು ಮಗು ಕಲಿಯುತ್ತದೆ. ಮೊಬೈಲು ತೋರಿಸಿ ತುತ್ತು ತುರುಕುವುದರಲ್ಲಿ ಹೊಟ್ಟೆ ತುಂಬುತ್ತದೆ ನಿಜ. ತಾನು ತಿಂದದ್ದೇನೆಂದು ಮಗುವಿಗೇ ತಿಳಿದಿರುವುದಿಲ್ಲ.

ಒಪ್ಪಿಗೆ ಬರುವುದು ಪರಿಚಯದಿಂದ, ಅದಕ್ಕೆ ಕಾಲ ಬೇಕು. ಒಂದು ತಿನಿಸು ಎಂಟರಿಂದ ಹದಿನೈದು ಸಲ ಎದುರಿಗೆ ಬಂದ ಮೇಲೆ ಮಗು ಅದನ್ನು ಒಪ್ಪಿಕೊಳ್ಳಬಹುದು ಎಂದು ತಜ್ಞರು ಹೇಳುತ್ತಾರೆ. ಹೆಚ್ಚಿನ ಮನೆಗಳಲ್ಲಿ ಮೂರು ಅಥವಾ ಐದನೆಯ ಸಲಕ್ಕೆ "ಅವಳಿಗೆ ಅದು ಆಗುವುದಿಲ್ಲ" ಎಂಬ ಮುದ್ರೆ ಬಿದ್ದುಬಿಡುತ್ತದೆ, ಮದುವೆಮನೆಯಲ್ಲಿ ಬಡಿಸುವವರಿಗೂ ಅದನ್ನೇ ಹೇಳಲಾಗುತ್ತದೆ. ಎದುರಿಗೆ ಬರುವುದೆಂದರೆ ನುಂಗಲೇಬೇಕೆಂದಲ್ಲ. ಬಳ್ಳಿಯಿಂದ ತೊಂಡೆ ಕೊಯ್ಯುವುದು, ಹರಿವೆ ಸೋಸುವುದು, ಅಪ್ಪನ ತಟ್ಟೆಯಲ್ಲಿ ಅದನ್ನು ಕಾಣುವುದು, ನಾಲಗೆಗೆ ತಾಗಿಸಿ ಉಗುಳುವುದು, ಇವೆಲ್ಲವೂ ಪರಿಚಯವೇ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಊಟದ ಜವಾಬ್ದಾರಿಯನ್ನು ಎರಡು ಪಾಲು ಮಾಡಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರ ಪಾಲು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನ ಪಾಲು. ಓದುವಾಗ ಇದು ಪರದೇಶದ ಮಾತೆನಿಸಿದರೂ ನಮ್ಮ ಗಂಜಿ ಊಟದ ವ್ಯವಸ್ಥೆ ಇದೇ ಅಲ್ಲವೇ? ನಡುವೆ ಕುಚ್ಚಿಲಕ್ಕಿಯ ಗಂಜಿ, ಸುತ್ತ ಉಪ್ಪಿನಕಾಯಿ, ಚಟ್ನಿ, ಪಲ್ಯ, ತಿನ್ನುವ ಮನೆಗಳಲ್ಲಿ ಸುಟ್ಟ ಒಣಮೀನು. ಗಂಜಿ ಎಲ್ಲರಿಗೂ ಒಂದೇ, ನಂಚಿಕೊಳ್ಳುವುದು ಅವರವರ ಇಷ್ಟ. ತರಕಾರಿಯನ್ನೆಲ್ಲ ಒಂದೇ ಸಾಂಬಾರಿಗೆ ಹಾಕಿ ಅನ್ನಕ್ಕೆ ಕಲಸಿ ಕೊಟ್ಟಾಗ ಮಗುವಿಗೆ ಆಯ್ಕೆ ಉಳಿಯುವುದಿಲ್ಲ. ಆಗ ಅದು ಇಡೀ ತಟ್ಟೆಯನ್ನೇ ದೂಡುತ್ತದೆ. ಬೆಂದ ತರಕಾರಿಯಲ್ಲಿ ಒಂದು ಸೌಟನ್ನು ಮೆಣಸು, ಹುಳಿ ಹಾಕುವ ಮೊದಲೇ ಬೇರೆ ತೆಗೆದಿಡಿ. ಪ್ರತಿ ಊಟದಲ್ಲಿ ಮಗುವಿಗೆ ಖಂಡಿತ ಒಗ್ಗುವ ಒಂದು ವಸ್ತು, ಮೊಸರೋ ಬೇಯಿಸಿದ ಮೊಟ್ಟೆಯೋ ದೋಸೆಯೋ, ಇರಲಿ. ಅದಕ್ಕಿಂತ ಹೆಚ್ಚಿನ ವಿಶೇಷ ಅಡುಗೆ ಬೇಡ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮಗೆ ಪರಿಚಯದ ಒಂದು ಮನೆಯಲ್ಲಿ ಅಜ್ಜನಿಗೆ ಖಾರವಿಲ್ಲದ ಸಾರು, ಮಗನಿಗೆ ಬೂತಾಯಿ ಗಸಿ, ದೊಡ್ಡ ಹುಡುಗಿ ಮೀನಿನ ವಾಸನೆಗೆ ಅಡುಗೆಮನೆಯೊಳಗೆ ಕಾಲಿಡುವುದಿಲ್ಲ, ಚಿಕ್ಕವನಿಗೆ ಉಪ್ಪಿನಕಾಯಿಯ ರಸವಷ್ಟೇ ಸಾಕು. ಆ ಮನೆಯ ತಾಯಿ ನಾಲ್ಕು ಪಾತ್ರೆ ಇಳಿಸಿ, ಕೊನೆಗೆ ಉಳಿದದ್ದನ್ನು ಉಣ್ಣುತ್ತಾರೆ. ಅವರಿಗೆ ಏನು ಇಷ್ಟವೆಂದು ಒಮ್ಮೆ ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ ನಕ್ಕುಬಿಟ್ಟರು. ಗಮನಿಸಬೇಕಾದ ಇನ್ನೊಂದು ಸಂಗತಿ: ಆ ಮನೆಯ ಯಜಮಾನರು ಹುಟ್ಟಿದಾರಭ್ಯ ಹಾಗಲ ಮುಟ್ಟಿದವರಲ್ಲ. ಅದಕ್ಕೆ "ಅವರಿಗೆ ಹಿಡಿಸುವುದಿಲ್ಲ" ಎನ್ನುತ್ತಾರೆ. ಏಳು ವರ್ಷದ ಮಗನದ್ದು ಮಾತ್ರ "ಹಠ". ತಂದೆ ಬೇಡವೆಂದದ್ದು ಮನೆಯಲ್ಲಿ ಬೇಯುವುದೇ ಇಲ್ಲವಾದ್ದರಿಂದ ಮಕ್ಕಳಿಗೆ ಅದರ ಪರಿಚಯವೂ ಆಗುವುದಿಲ್ಲ. ತಮಗೆ ಇಷ್ಟವಿಲ್ಲದ್ದನ್ನು ಮುಖ ಸಿಂಡರಿಸದೆ ಪಕ್ಕಕ್ಕಿಟ್ಟು, ಉಳಿದದ್ದನ್ನು ಎಲ್ಲರೊಡನೆ ಕುಳಿತು ಉಣ್ಣುವ ಅಭ್ಯಾಸವನ್ನು ಮಕ್ಕಳಿಗಿಂತ ಮೊದಲು ಗಂಡಸರು ಕಲಿಯಬೇಕು. ಬರಹಗಾರರೇ ಆಗಲಿ ಹೋರಾಟಗಾರರೇ ಆಗಲಿ, ಅವರೂ ಇದಕ್ಕೆ ಹೊರತಲ್ಲ.

ಊಟದ ಹೊತ್ತಿಗೆ ಹಸಿವೇ ಇಲ್ಲದಂತೆ ಮಾಡುವ ಶತ್ರುಗಳು ಬೇರೆ ಇದ್ದಾರೆ. ಸಂಜೆ ಬಸ್ಸಿನಿಂದ ಇಳಿದ ಕೂಡಲೇ ಹತ್ತು ರೂಪಾಯಿಯ ಚಿಪ್ಸು, ಆರಕ್ಕೆ ಚಹಾ ಬಿಸ್ಕತ್ತು, ಎಂಟಕ್ಕೆ "ಏನೂ ತಿನ್ನುವುದಿಲ್ಲ" ಎಂಬ ದೂರು. ಊಟ ಬಿಟ್ಟ ಮಗುವಿಗೆ ಹಾಲನ್ನಾದರೂ ಕುಡಿಸುವ ತಾಯಂದಿರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಚಿಕ್ಕ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲಾದರೆ ಅನ್ನಕ್ಕೆ ಜಾಗವಿರುವುದಿಲ್ಲ, ರಕ್ತಹೀನತೆಯೂ ಬರಬಹುದು. ಊಟದೊಡನೆ ಕುಡಿದ ಚಹಾ ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ.

ಶಾಲೆಯ ಊಟದ ವಿಚಾರಕ್ಕೆ ಬರೋಣ. ಕೇರಳದಲ್ಲಿ ಎಂಟನೇ ತರಗತಿಯವರೆಗೆ ಮಧ್ಯಾಹ್ನದೂಟವಿದೆ, ವಾರಕ್ಕೊಂದು ಮೊಟ್ಟೆ ಕೊಡುವ ಕ್ರಮವಿದೆ, ಮೊಟ್ಟೆ ತಿನ್ನದವರಿಗೆ ನೇಂದ್ರ ಬಾಳೆಹಣ್ಣು. ಮನೆಯ ಆಚಾರದಿಂದ ತಿನ್ನದ ಮಗುವಿಗೆ ಹೀಗೆ ಗೌರವದ ದಾರಿಯುಂಟು. ನಾಲಗೆ ಒಪ್ಪದೆ ತಿನ್ನದ ಮಗುವಿಗೆ ಮಾತ್ರ ಬೈಗುಳ. ಆದರೆ ಮಕ್ಕಳ ಮಾತು ಸರಕಾರದ ಕಿವಿಗೂ ಬಿದ್ದ ಪ್ರಸಂಗವಿದೆ. 2025ರ ಆರಂಭದಲ್ಲಿ ಆಲಪ್ಪುಳ ಜಿಲ್ಲೆಯ ಅಂಗನವಾಡಿಯ ಪುಟ್ಟ ಬಾಲಕನೊಬ್ಬ ಉಪ್ಪಿಟ್ಟಿನ ಬದಲು ಬಿರಿಯಾಣಿ, ಹುರಿದ ಕೋಳಿ ಬೇಕೆಂದು ತೊದಲಿದ ವಿಡಿಯೋ ಎಲ್ಲೆಡೆ ಹರಡಿತು. ಅದನ್ನು ಸಚಿವೆ ವೀಣಾ ಜಾರ್ಜ್ ನಗುತ್ತ ಮರೆಯಲಿಲ್ಲ. ಅದೇ ಜೂನಿನಲ್ಲಿ ಬಂದ ಅಂಗನವಾಡಿಯ ಹೊಸ ಪಟ್ಟಿಯಲ್ಲಿ ಮೊಟ್ಟೆ ಬಿರಿಯಾಣಿಯಿತ್ತು, ಸಕ್ಕರೆ, ಉಪ್ಪು ಕಡಿಮೆಯಾಗಿದ್ದವು. ನಮ್ಮ ಕನ್ನಡ ಶಾಲೆಗಳ ರಕ್ಷಕರೂ ಊಟದ ಸಮಿತಿಯಲ್ಲಿ ಬಾಯಿ ಬಿಡಬೇಕು. ಬಸಳೆ, ಸೌತೆಕಾಯಿ, ಹಲಸಿನಬೀಜ ನಮ್ಮ ಮಕ್ಕಳ ಹಿತ್ತಿಲಿನವು. ಪರಿಚಯದ ಪದಾರ್ಥ ಬಡಿಸಿದ ದಿನ ತಟ್ಟೆ ಖಾಲಿಯಾಗುವುದನ್ನು ಬಡಿಸುವವರೇ ಹೇಳುತ್ತಾರೆ.

ಇಲ್ಲಿ ನಮ್ಮಂಥವರ ಇನ್ನೊಂದು ಅತ್ಯುತ್ಸಾಹವನ್ನೂ ಒಪ್ಪಿಕೊಳ್ಳಬೇಕು. ಆಟಿ ತಿಂಗಳ ಕಾರ್ಯಕ್ರಮದಲ್ಲಿ ಪತ್ರೊಡೆ, ತಿಮರೆ ಚಟ್ನಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಯ ಪಲ್ಯ ಎಲ್ಲವನ್ನೂ ಸಾಲಾಗಿಟ್ಟು, "ನಮ್ಮ ತಿನಿಸು, ನಮ್ಮ ಮಾತು ಉಳಿಯಬೇಕು" ಎಂದು ಭಾಷಣ ಮಾಡಿ, ಮೂಗು ಮುಚ್ಚಿದ ಮಕ್ಕಳನ್ನು ಗದರಿಸಿದ್ದೆವು. ಅಡುಗೆ ನಿಂತರೆ ಅದರ ಹೆಸರೂ ಸಾಯುತ್ತದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಭಾಷೆಯ ಭಾರವನ್ನು ಏಳು ವರ್ಷದ ಮಗುವಿನ ತಟ್ಟೆಗೆ ಬಡಿಸಬಾರದಿತ್ತು. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಷಾಯವನ್ನು ಇದೇ ಮಕ್ಕಳು ಕುಡಿಯುತ್ತಾರೆ. ಅಷ್ಟು ಕಹಿ ಬೇರೊಂದಿಲ್ಲ. ಆದರೂ ಕುಡಿಯುವುದೇಕೆಂದರೆ ಅಂದು ಅಜ್ಜನಿಂದ ಹಿಡಿದು ಎಲ್ಲರೂ ಕುಡಿಯುತ್ತಾರೆ, ಎಲ್ಲರೂ ಮುಖ ಕಿವುಚುತ್ತಾರೆ, ಆ ಮೇಲೆ ಎಲ್ಲರಿಗೂ ಮೆಂತೆಗಂಜಿ ಸಿಗುತ್ತದೆ. ಮಗುವೊಂದನ್ನೇ ಕೂರಿಸಿ ಯಾರೂ ಅದನ್ನು ಕುಡಿಸುವುದಿಲ್ಲ.

ಎಲ್ಲವನ್ನೂ ರುಚಿಯ ಭೇದವೆಂದು ಕೈಬಿಡುವುದೂ ಸರಿಯಲ್ಲ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಅಥವಾ ನೋವಿದ್ದರೆ, ಪದೇ ಪದೇ ವಾಂತಿಯಾದರೆ, ಮಲಬದ್ಧತೆಯಿದ್ದರೆ, ಮೊದಲು ತಿನ್ನುತ್ತಿದ್ದವನ್ನೂ ಒಂದೊಂದಾಗಿ ಬಿಡುತ್ತ ಬಂದರೆ ವೈದ್ಯರಿಗೆ ತೋರಿಸಬೇಕು. ಸೀಮೆಸುಣ್ಣ, ಮಣ್ಣು ತಿನ್ನುವ ಮಕ್ಕಳನ್ನು ನಾವು ತರಗತಿಯಲ್ಲಿ ಕಾಣುತ್ತೇವೆ. ಅದು ಹಲವು ವೇಳೆ ಕಬ್ಬಿಣಾಂಶದ ಕೊರತೆಯ ಸೂಚನೆ, ರಕ್ತಪರೀಕ್ಷೆ ಆಗಲೇಬೇಕು. ಆಹಾರದ ಭಯದಿಂದ ಬೆಳವಣಿಗೆಯೇ ಕುಂಠಿತವಾಗುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ತೊಂದರೆಯೆಂದು ಗುರುತಿಸಿದೆ. ಅದಕ್ಕೆ ಚಿಕಿತ್ಸೆಯಿದೆ, ಪೆಟ್ಟು ಅದರ ಚಿಕಿತ್ಸೆಯಲ್ಲ. ವೈದ್ಯರ ಬಳಿ ಹೋಗುವಾಗ ಮಗು ಒಂದು ವಾರದಲ್ಲಿ ತಿಂದದ್ದನ್ನೆಲ್ಲ, ಬಿಸ್ಕತ್ತು ಸಹಿತ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬರೆಯುವಾಗಲೇ ಅರ್ಧ ಆತಂಕ ಕಳೆದ ತಾಯಂದಿರು ನಮಗೆ ಗೊತ್ತು.

ಆ ಹುಡುಗನ ವಿಚಾರ ಬಾಕಿ ಉಳಿಯಿತು. ನಾವು ಅವನ ಸಾಲಿನ ಎದುರು ನಿಲ್ಲುವುದನ್ನು ಬಿಟ್ಟೆವು. "ಎಷ್ಟು ಬೇಕೋ ಅಷ್ಟೇ ಹಾಕಿಸಿಕೋ" ಎಂದೆವು. ತಿಂಗಳೊಳಗೆ ಅನ್ನ, ಮಜ್ಜಿಗೆ ಉಣ್ಣತೊಡಗಿದ. ನಾಲ್ಕನೇ ತರಗತಿಗೆ ಬರುವಾಗ, ಪಕ್ಕದಲ್ಲಿ ಕುಳಿತ ಗೆಳೆಯನ ತಟ್ಟೆಯಿಂದ ಅಲಸಂಡೆಯ ತುಂಡುಗಳನ್ನು ಹೆಕ್ಕಿ ತಿನ್ನುವುದನ್ನು ಒಂದು ದಿನ ಕಂಡೆವು. ನೀರುಳ್ಳಿಯನ್ನು ಈಗಲೂ ಅಂಚಿಗೇ ಸರಿಸುತ್ತಾನೆ.